ಫೆಲ್ಟ್ಸರ್‌ವಾಲ್ಡ್‌ನಲ್ಲಿ ಮೌಂಟೇನ್ ಬೈಕ್: ಮೊದಲ ಸವಾರಿಗೆ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಜರ್ಮನಿಯ ಮಾನ್‌ಹೈಮ್, ಹೈಡೆಲ್‌ಬರ್ಗ್, ವಾಲ್‌ಡಾರ್ಫ್, ಫ್ರಾಂಕ್‌ಫರ್ಟ್ ಕಡೆ ಕೆಲಸಕ್ಕೆ ಬಂದು ನೆಲೆಸಿರುವ ಕನ್ನಡಿಗರು ಬೇಸಿಗೆ ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಸೈಕಲ್ ಕೊಂಡಾಗಿದೆ, ರೈಲು ಹತ್ತಿದರೆ ಕಾಡು ಸಿಗುತ್ತದೆ. ಆದರೆ ಶುರು ಮಾಡುವುದು ಎಲ್ಲಿಂದ? ಯಾವ ದಾರಿಗೆ ಸೈಕಲ್ ಬಿಡುತ್ತಾರೆ, ಯಾವುದಕ್ಕೆ ಬಿಡುವುದಿಲ್ಲ? ಬೆಂಗಳೂರಿನ ತುರಹಳ್ಳಿ ಕಾಡಿನಲ್ಲೋ ನಂದಿಬೆಟ್ಟದಲ್ಲೋ ಓಡಿಸಿದ ಅನುಭವ ಇಲ್ಲಿಗೆ ಸಾಲುತ್ತದೆಯೇ? ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಬರಹ.

ಬೇಕಾಗುವ ತಯಾರಿ ಹೆಚ್ಚೇನಿಲ್ಲ. ಗುಡ್ಡ ಹತ್ತುವ ಗೇರು ಮತ್ತು ನಂಬಬಹುದಾದ ಬ್ರೇಕ್ ಇರುವ ಸೈಕಲ್, ಹೆಲ್ಮೆಟ್, ಒಂದಿಡೀ ದಿನದ ಬಿಡುವು, ಸಮತಟ್ಟು ರಸ್ತೆಯಲ್ಲಿ ಎರಡು ಗಂಟೆ ನಿಲ್ಲದೆ ತುಳಿಯುವಷ್ಟು ದಮ್ಮು. ಇವಿಷ್ಟಿದ್ದರೆ ಮುಂದೆ ಓದಿ.

ಹಂತ 1: ನೆಲವನ್ನು ಅರಿತುಕೊಳ್ಳಿ

ಜರ್ಮನಿಯ ನೈಋತ್ಯದಲ್ಲಿ, ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದಲ್ಲಿ, ಸುಮಾರು 1,800 ಚದರ ಕಿ.ಮೀ. ಹರಡಿರುವ ಕಾಡುಗುಡ್ಡಗಳ ಸೀಮೆಯೇ ಫೆಲ್ಟ್ಸರ್‌ವಾಲ್ಡ್. ಯುನೆಸ್ಕೊ ಗುರುತಿಸಿದ ಜೀವಗೋಲ ಮೀಸಲು ಪ್ರದೇಶವಿದು. 1998ರಿಂದ ಗಡಿಯಾಚೆಯ ಫ್ರಾನ್ಸ್‌ನ ಉತ್ತರ ವೋಜ್ ಕಾಡೂ ಇದರ ಜೊತೆ ಸೇರಿದೆ. ಪೂರ್ವದ ಅಂಚಿನಲ್ಲಿ ಗುಡ್ಡಗಳು ಥಟ್ಟನೆ ಇಳಿದು ರೈನ್ ಬಯಲಿಗೆ ಸೇರುವ ಕಡೆ ದ್ರಾಕ್ಷಿತೋಟಗಳ ಸಾಲು. 1935ರಲ್ಲಿ ಗುರುತಿಸಿದ 85 ಕಿ.ಮೀ. ಉದ್ದದ ಜರ್ಮನ್ ವೈನ್ ರಸ್ತೆ, ‘ವೈನ್‌ಸ್ಟ್ರಾಸೆ’, ಈ ಅಂಚನ್ನೇ ಹಿಡಿದು ಸಾಗುತ್ತದೆ. ಕೆಳಗೆ ದ್ರಾಕ್ಷಿ, ಅದರ ಮೇಲೆ ಚೆಸ್ಟ್‌ನಟ್ ಮರಗಳ ಪಟ್ಟಿ, ಇನ್ನೂ ಮೇಲೆ ಬೀಚ್, ಓಕ್ ಮತ್ತು ಪೈನ್. ಗುಡ್ಡ ಹತ್ತುವಾಗ ಈ ಮೂರೂ ಒಂದಾದ ಮೇಲೊಂದು ಎದುರಾಗುತ್ತವೆ.

ಇಲ್ಲಿನ ಅತಿ ಎತ್ತರದ ಶಿಖರ ಕಾಲ್ಮಿಟ್, 673 ಮೀಟರ್. ‘ಇಷ್ಟೇನಾ? ಬೆಂಗಳೂರೇ 900 ಮೀಟರ್ ಮೇಲಿದೆ’ ಎಂದು ಹಗುರವಾಗಿ ತೆಗೆದುಕೊಂಡವರು ಮಧ್ಯಾಹ್ನದ ಹೊತ್ತಿಗೆ ಏದುಸಿರು ಬಿಡುತ್ತಿರುತ್ತಾರೆ. ಕಾಲ್ಮಿಟ್ ಬುಡದ ನಾಯ್‌ಶ್ಟಾಟ್ ಊರು ಇರುವುದೇ ಸುಮಾರು 140 ಮೀಟರ್‌ನಲ್ಲಿ. ಅಂದರೆ ಒಂದೇ ಏರಿನಲ್ಲಿ 530 ಮೀಟರ್ ಹತ್ತಬೇಕು. ಒಳಗಿನ ಕಾಡಿನಲ್ಲಂತೂ ಕಣಿವೆ, ದಿಣ್ಣೆ, ಮತ್ತೆ ಕಣಿವೆ. ಹತ್ತಿದ ಎತ್ತರವನ್ನೆಲ್ಲ ಇಳಿದು ಕಳೆದುಕೊಂಡು, ಮತ್ತೆ ಮೊದಲಿಂದ ಹತ್ತುವುದು. ಆದ್ದರಿಂದ ಇಲ್ಲಿ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಒಟ್ಟು ಏರಿನಲ್ಲಿ ಅಳೆಯಿರಿ. ದಿನವಿಡೀ ಹತ್ತಿದ ಮೀಟರುಗಳ ಒಟ್ಟು ಮೊತ್ತವೇ ಒಟ್ಟು ಏರು.

ಇನ್ನು ಮಣ್ಣು. ಕೆಂಪು ಮರಳುಗಲ್ಲು ಸವೆದು ಆದ ಮರಳು ನೆಲವಿದು. ನೀರು ಬೇಗ ಇಂಗುವುದರಿಂದ ಮಳೆ ನಿಂತ ಮರುದಿನವೇ ದಾರಿ ಓಡಿಸುವಂತಾಗುತ್ತದೆ. ನಮ್ಮ ಮಲೆನಾಡಿನ ಹಾಗೆ ಟೈರಿಗೆ ಕೆಸರು ಮೆತ್ತಿಕೊಂಡು ಚಕ್ರ ತಿರುಗದಂತಾಗುವುದು ಅಪರೂಪ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಿಸಿಲಿಗೆ ಒಣಗಿದ ಮೇಲ್ಪದರ ಸಡಿಲ ಮರಳಾಗಿ, ತಿರುವುಗಳಲ್ಲಿ ಮುಂಚಕ್ರ ಜಾರಿಸುತ್ತದೆ. ತುರಹಳ್ಳಿಯ ಬಂಡೆಯ ಹಿಡಿತವನ್ನು ಇಲ್ಲಿಯ ಕಲ್ಲಿನಿಂದ ನಿರೀಕ್ಷಿಸಬೇಡಿ. ಒಣ ಮರಳುಗಲ್ಲು ಉಪ್ಪುಕಾಗದದಂತೆ ಟೈರನ್ನು ಹಿಡಿಯುತ್ತದೆ ನಿಜ, ಆದರೆ ಪಾಚಿಗಟ್ಟಿ ಒದ್ದೆಯಾಗಿದ್ದರೆ ಸಾಬೂನು ಸವರಿದ ಹಾಗೆ.

ಹಂತ 2: ನಿಮ್ಮ ದಾರಿ ಯಾವುದು ಎಂದು ತಿಳಿಯಿರಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಸಮಾಧಾನವಾಗಿ ಓದಿ.

ಈ ರಾಜ್ಯದ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಸೈಕಲ್ ಓಡಿಸಬಹುದಾದದ್ದು ರಸ್ತೆಗಳಲ್ಲಿ ಮತ್ತು ‘ವಾಲ್ಡ್‌ವೇಗ್’ಗಳಲ್ಲಿ ಮಾತ್ರ. ವಾಲ್ಡ್‌ವೇಗ್ ಎಂದರೆ ಅರಣ್ಯ ಕೆಲಸಕ್ಕೆಂದು ಶಾಶ್ವತವಾಗಿ ಮಾಡಿದ ದಾರಿ. ಟ್ರ್ಯಾಕ್ಟರ್ ಹೋಗುವಷ್ಟು ಅಗಲದ ಮಣ್ಣಿನ ಅಥವಾ ಜಲ್ಲಿಯ ರಸ್ತೆ. ಕಾಲುದಾರಿಗಳು ಮತ್ತು ಕಡಿದ ಮರ ಎಳೆಯಲು ಯಂತ್ರಗಳು ಮಾಡಿಕೊಂಡ ಜಾಡುಗಳು ಕಾಯ್ದೆಯ ಲೆಕ್ಕದಲ್ಲಿ ವಾಲ್ಡ್‌ವೇಗ್ ಅಲ್ಲ. ಹಾಗಾದರೆ ಮೌಂಟೇನ್ ಬೈಕಿನ ಜೀವಾಳವೇ ಆದ ಕಿರುದಾರಿಗಳು, ಅಂದರೆ ಒಂದು ಸೈಕಲ್ ಮಾತ್ರ ಹೋಗುವಷ್ಟು ಅಗಲದ ಸಿಂಗಲ್ ಟ್ರೇಲ್‌ಗಳು, ಎಲ್ಲಿ ಸಿಗುತ್ತವೆ? ಸೈಕಲ್ಲಿಗೆಂದೇ ಗುರುತಿಸಿ ಫಲಕ ಹಾಕಿದ ಮಾರ್ಗಗಳಲ್ಲಿ. ಈ ಕಾಡಿನಲ್ಲಿ ‘ಮೌಂಟೇನ್‌ಬೈಕ್‌ಪಾರ್ಕ್ ಫೆಲ್ಟ್ಸರ್‌ವಾಲ್ಡ್’ ಎಂಬ ಹೆಸರಿನ ಮಾರ್ಗಜಾಲವಿದೆ. ಪಾರ್ಕ್ ಎಂದಾಕ್ಷಣ ಬೇಲಿ, ಟಿಕೆಟ್, ಮೇಲಕ್ಕೊಯ್ಯುವ ಲಿಫ್ಟ್ ಅಂದುಕೊಳ್ಳಬೇಡಿ. ಊರಿಂದ ಊರಿಗೆ ಹಬ್ಬಿರುವ, ಸಂಖ್ಯೆ ಕೊಟ್ಟು ಫಲಕ ನೆಟ್ಟಿರುವ ವೃತ್ತಾಕಾರದ ಮಾರ್ಗಗಳಿವು. ಲಾಂಬ್ರೆಖ್ಟ್, ಹೋಖ್‌ಶ್ಪೈಯರ್ ಮುಂತಾದ ಊರುಗಳಿಂದ ಹೊರಟು ಅಲ್ಲಿಗೇ ಮರಳುತ್ತವೆ. ಶುಲ್ಕವಿಲ್ಲ.

ಫಲಕಗಳ ವಿಷಯದಲ್ಲಿ ಹೊಸಬರಿಗೆ ಆಗುವ ಗೊಂದಲವೊಂದಿದೆ. ಮರದ ಕಾಂಡಗಳ ಮೇಲೆ ಎಲ್ಲೆಲ್ಲೂ ಬಣ್ಣದ ಪಟ್ಟೆಗಳು ಕಾಣುತ್ತವೆ: ಬಿಳಿ-ನೀಲಿ, ಹಳದಿ-ಕೆಂಪು, ಹೀಗೆ. ಇವು ಫೆಲ್ಟ್ಸರ್‌ವಾಲ್ಡ್-ಫೆರೈನ್ ಎಂಬ ಚಾರಣ ಸಂಘ ನಡೆಯುವವರಿಗಾಗಿ ಬಳಿದ ಗುರುತು. ಅವುಗಳ ಹಿಂದೆ ಹೋದರೆ ಕಾಲುದಾರಿಗೆ ಬೀಳುತ್ತೀರಿ. ‘ವೈನ್‌ಸ್ಟೈಗ್’ ಕೂಡ ನಡೆಯುವವರ ದಾರಿಯೇ. ವೈನ್‌ಸ್ಟ್ರಾಸೆಯಂತೆಯೇ ಕೇಳಿಸುತ್ತದೆಂದು ಮೋಸಹೋಗಬೇಡಿ.

ಹೊಸಬರು ಬೀಳುವ ಇನ್ನೊಂದು ಹಳ್ಳ, ಮೊಬೈಲ್ ಆ್ಯಪ್‌ಗಳದು. ಸವಾರಿಗಳನ್ನು ದಾಖಲಿಸುವ ಸ್ಟ್ರಾವಾದ ನಕ್ಷೆಯಲ್ಲಿ ದಾರಿಯೊಂದು ಕೆಂಪಗೆ ಹೊಳೆಯುತ್ತಿದ್ದರೆ ಜನ ಅಲ್ಲಿ ಓಡಿಸಿದ್ದಾರೆ ಎಂದಷ್ಟೇ ಅರ್ಥ, ಅನುಮತಿ ಇದೆ ಎಂದಲ್ಲ. ದಾರಿ ಹಾಕಿಕೊಡುವ ಕೋಮೂಟ್ ಕೂಡ ಮೌಂಟೇನ್ ಬೈಕ್ ಎಂದು ಆರಿಸಿದ ತಕ್ಷಣ ಕಾಲುದಾರಿಗಳನ್ನು ಜೋಡಿಸಿ ಕೊಟ್ಟುಬಿಡುತ್ತದೆ. ಆ್ಯಪ್ ಕೊಟ್ಟ ಮಾರ್ಗವನ್ನು ಮನೆಯಲ್ಲೇ ದೊಡ್ಡದು ಮಾಡಿ ನೋಡಿ. ತೆಳು ಚುಕ್ಕೆಗೆರೆಯಾಗಿ ಕಾಣುವ ತುಣುಕುಗಳು ಅಧಿಕೃತ ಮಾರ್ಗದಲ್ಲಿ ಇಲ್ಲದಿದ್ದರೆ ಅವನ್ನು ಬಿಟ್ಟು ಪಕ್ಕದ ಅರಣ್ಯ ರಸ್ತೆಗೆ ಎಳೆಯಿರಿ.

ನದಿ ದಾಟಿ ಹೈಡೆಲ್‌ಬರ್ಗ್ ಕಡೆಯ ಓಡೆನ್‌ವಾಲ್ಡ್‌ಗೆ ಹೋಗುವವರಿಗೆ ಒಂದು ಮಾತು: ಅದು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ, ಕಾಯ್ದೆ ಬೇರೆ. ಅಲ್ಲಿ 2 ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ, ವಿಶೇಷವಾಗಿ ಅನುಮತಿ ಕೊಟ್ಟ ಕಡೆ ಹೊರತು, ಸೈಕಲ್ ನಿಷಿದ್ಧ.

ಎಲೆಕ್ಟ್ರಿಕ್ ಸೈಕಲ್ ಇರುವವರೂ ಕೇಳುತ್ತಾರೆ. ಪೆಡಲ್ ತುಳಿದಾಗ ಮಾತ್ರ ನೆರವಾಗುವ, 250 ವಾಟ್‌ನ, ಗಂಟೆಗೆ 25 ಕಿ.ಮೀ.ಗೆ ನೆರವು ನಿಲ್ಲಿಸುವ ಮಾದರಿಯಾದರೆ ಕಾನೂನಿನ ಕಣ್ಣಿಗೆ ಅದು ಸಾಮಾನ್ಯ ಸೈಕಲ್. 45 ಕಿ.ಮೀ. ವೇಗದ ಮಾದರಿಗೆ ಕಾಡಿನೊಳಗೆ ಪ್ರವೇಶವಿಲ್ಲ.

ಹಂತ 3: ಮಾರ್ಗ ಆರಿಸಿ, ಹೊತ್ತಿನ ಲೆಕ್ಕ ಹಾಕಿ

ಜರ್ಮನಿಯಲ್ಲಿ ಕಿರುದಾರಿಗಳ ಕಷ್ಟವನ್ನು ಎಸ್0 ಇಂದ ಎಸ್5 ವರೆಗೆ ಅಳೆಯುತ್ತಾರೆ. ಎಸ್0 ಎಂದರೆ ಅಡೆತಡೆಯಿಲ್ಲದ ಹದವಾದ ಮಣ್ಣುದಾರಿ. ಎಸ್1ರಲ್ಲಿ ಸಣ್ಣ ಬೇರು, ಸಣ್ಣ ಕಲ್ಲು, ಇಳಿಜಾರು ಶೇ. 40ರೊಳಗೆ. ಎಸ್2 ಬಂತೆಂದರೆ ದೊಡ್ಡ ಬೇರು, ಬಿಡಿಕಲ್ಲು, ಮೆಟ್ಟಿಲು, ಬಿಗಿ ತಿರುವು, ಕೆಲವೆಡೆ ಶೇ. 70ರವರೆಗಿನ ಇಳಿಜಾರು. ಎಸ್3ರಿಂದ ಮುಂದಿನದು ಪಳಗಿದವರಿಗೆ. ಈ ಅಳತೆ ಇಳಿಯುವುದರ ಕಷ್ಟವನ್ನಷ್ಟೇ ಹೇಳುತ್ತದೆ, ಹತ್ತಲು ಬೇಕಾದ ದಮ್ಮನ್ನಲ್ಲ ಎಂಬುದು ನೆನಪಿರಲಿ.

ಮೊದಲ ಸಲಕ್ಕೆ 20ರಿಂದ 25 ಕಿ.ಮೀ. ಉದ್ದ, 500 ಮೀಟರ್ ಒಟ್ಟು ಏರು, ಎಸ್1 ದಾಟದ ಮಾರ್ಗ ಸಾಕು. ಇದನ್ನು ಸಲೀಸಾಗಿ ಮುಗಿಸಿದರೆ ಮುಂದಿನ ಸಲ 800 ಮೀಟರ್‌ಗೆ ಏರಿಸಬಹುದು.

ಹೊತ್ತಿನ ಲೆಕ್ಕ ಹೀಗೆ: ದೂರವನ್ನು ಗಂಟೆಗೆ 13 ಕಿ.ಮೀ. ಎಂದು ಭಾಗಿಸಿ, ಅದಕ್ಕೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಸೇರಿಸಿ. 25 ಕಿ.ಮೀ., 500 ಮೀಟರ್ ಏರು ಎಂದರೆ ಸುಮಾರು 1 ಗಂಟೆ 55 ನಿಮಿಷ, ಜೊತೆಗೆ 50 ನಿಮಿಷ. ಒಟ್ಟು ಪೌಣೆ ಮೂರು ಗಂಟೆ. ಊಟ, ಫೋಟೊ, ಪಂಚರ್ ಎಲ್ಲ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಗುಂಪಿನಲ್ಲಿ ಹೋಗುವಾಗ ಎಲ್ಲರಿಗಿಂತ ನಿಧಾನ ಇರುವವರ ಲೆಕ್ಕವನ್ನೇ ಹಿಡಿಯಿರಿ.

ಕತ್ತಲಾಗುವ ಒಂದು ಗಂಟೆ ಮೊದಲೇ ಕಾಡಿನಿಂದ ಹೊರಗಿರುವಂತೆ ನೋಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಮುಸ್ಸಂಜೆ ಮತ್ತು ನಸುಕು ಜಿಂಕೆ, ಕಾಡುಹಂದಿಗಳು ಮೇಯುವ ಹೊತ್ತು. ಬೇಟೆಗಾರರು ಮರದ ಅಟ್ಟಣೆಯಲ್ಲಿ ಕೋವಿ ಹಿಡಿದು ಕೂರುವ ಹೊತ್ತೂ ಅದೇ. ತಲೆಗೆ ದೀಪ ಕಟ್ಟಿಕೊಂಡು ರಾತ್ರಿ ಸವಾರಿ ಮಾಡುವ ಆಸೆಯನ್ನು ಈ ಕಾಡಿನ ಮಟ್ಟಿಗೆ ಬಿಟ್ಟುಬಿಡಿ.

ಹಂತ 4: ಸೈಕಲ್ ಸಜ್ಜು ಮಾಡಿ

ಮುಂದೆ ಮಾತ್ರ ಸಸ್ಪೆನ್ಷನ್ (ಕುಲುಕಾಟ ತಡೆದುಕೊಳ್ಳುವ ವ್ಯವಸ್ಥೆ) ಇರುವ ಹಾರ್ಡ್‌ಟೇಲ್ ಸೈಕಲ್ ಎಸ್1ಕ್ಕೆ ಧಾರಾಳ ಸಾಕು. ಮುಂಚಕ್ರ ಹಿಡಿದಿರುವ ಫೋರ್ಕ್ 120 ಮಿ.ಮೀ. ಕುಗ್ಗುವಂತಿದ್ದರೆ ಒಳ್ಳೆಯದು. ಎಸ್2 ದಾರಿಗಳ ಗೀಳು ಹತ್ತಿದ ಮೇಲೆ ಹಿಂದೆಯೂ ಸಸ್ಪೆನ್ಷನ್ ಇರುವ, 130-140 ಮಿ.ಮೀ. ಕುಗ್ಗುವ ಸೈಕಲ್ ನೋಡಬಹುದು. ತೆಳು ಟೈರಿನ ಸಿಟಿ ಸೈಕಲ್, ಹೈಬ್ರಿಡ್ ಸೈಕಲ್ ಇಲ್ಲಿಗೆ ತರಬೇಡಿ. ಸ್ವಂತದ್ದು ಇಲ್ಲದಿದ್ದರೆ ಮೊದಲೆರಡು ಸಲ ಬಾಡಿಗೆಗೆ ತೆಗೆದುಕೊಳ್ಳುವುದೇ ಜಾಣತನ.

ಟೈರ್ ಗಾಳಿ. ಮರಳು ನೆಲದಲ್ಲಿ ಹಿಡಿತ ಸಿಗುವುದೂ ಕೈತಪ್ಪುವುದೂ ಇದರಿಂದಲೇ. ಬ್ಯಾಗು, ಬಟ್ಟೆ ಸೇರಿ 75 ಕೆ.ಜಿ. ತೂಗುವವರು, 2.35 ಇಂಚಿನ ಟೈರಿಗೆ ಇಟ್ಟುಕೊಳ್ಳಬೇಕಾದ ಗಾಳಿಯ ಅಂದಾಜು (ಬಾರ್, ಪಿಎಸ್‌ಐ ಎರಡೂ ಒತ್ತಡದ ಅಳತೆಗಳು):

- ಟ್ಯೂಬ್‌ಲೆಸ್ ಆದರೆ ಮುಂದೆ 1.5 ಬಾರ್, ಹಿಂದೆ 1.7 ಬಾರ್ (22 ಮತ್ತು 25 ಪಿಎಸ್‌ಐ).
- ಒಳಗೆ ಟ್ಯೂಬ್ ಇದ್ದರೆ ಮುಂದೆ 1.8, ಹಿಂದೆ 2.0 ಬಾರ್ (26 ಮತ್ತು 29 ಪಿಎಸ್‌ಐ).
- ತೂಕ 10 ಕೆ.ಜಿ. ಹೆಚ್ಚಿದರೆ 0.1 ಬಾರ್ ಸೇರಿಸಿ, ಕಡಿಮೆಯಿದ್ದರೆ ಅಷ್ಟೇ ಕಳೆಯಿರಿ.

ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡಕ್ಕೆ ತುಂಬಿಸಿಕೊಂಡು ಬರುವುದು ಹೊಸಬರ ಮಾಮೂಲಿ ತಪ್ಪು. ಕಲ್ಲಿನಂತೆ ಗಟ್ಟಿಯಾದ ಟೈರ್ ಬೇರಿನ ಮೇಲೆ ಪುಟಿಯುತ್ತದೆ, ಮರಳಿನಲ್ಲಿ ಜಾರುತ್ತದೆ. ತೀರ ಕಮ್ಮಿ ಮಾಡಿದರೆ ಬೇರೆ ತೊಂದರೆ. ಕಲ್ಲಿನ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತಾಗುತ್ತದೆ. ಅಂಥ ಎರಡು ತೂತು ಕಂಡರೆ ಮುಳ್ಳು ಹುಡುಕುತ್ತ ಕೂರಬೇಡಿ, 0.2 ಬಾರ್ ಗಾಳಿ ಹೆಚ್ಚಿಸಿ.

ಟ್ಯೂಬ್‌ಲೆಸ್ ಇರುವವರು ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ಹಾಲಿನಂಥ ದ್ರವ, ಒಣಗಿಲ್ಲವೇ ನೋಡಿ. ಚಕ್ರವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಕುಲುಕುವ ಸದ್ದು ಬರಬೇಕು. 29 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಬೇಕು. ಬೇಸಿಗೆಯಲ್ಲಿ ಎರಡು-ಮೂರು ತಿಂಗಳಿಗೆ ಒಣಗಿಬಿಡುತ್ತದೆ.

ಬ್ರೇಕ್. ಡಿಸ್ಕ್ ಬ್ರೇಕ್ ಪ್ಯಾಡನ್ನು ಹೊರತೆಗೆದು ನೋಡಿ. ಲೋಹದ ತಗಡಿನ ಮೇಲೆ ಅಂಟಿಸಿರುವ ಉಜ್ಜುವ ಪದರ 1 ಮಿ.ಮೀ.ಗೆ ಇಳಿದಿದ್ದರೆ ಹೊಸದು ಹಾಕಿಸಿಯೇ ಹೊರಡಿ. 0.5 ಮಿ.ಮೀ. ಎಂದರೆ ಮುಗಿದಂತೆ. ಒದ್ದೆ ಮರಳು ಪ್ಯಾಡನ್ನು ಉಜ್ಜುಕಲ್ಲಿನಂತೆ ತಿನ್ನುತ್ತದೆ. ರಾಳದಿಂದ ಮಾಡಿದ ಮೃದು ಪ್ಯಾಡಾದರೆ ಮಳೆಯ ಒಂದೇ ದಿನದಲ್ಲಿ ಗಣನೀಯವಾಗಿ ಸವೆದುಹೋದೀತು. ಲೋಹಪುಡಿಯ ಸಿಂಟರ್ಡ್ ಪ್ಯಾಡ್ ಹೆಚ್ಚು ಬಾಳಿಕೆ ಬರುತ್ತದೆ, ಆದರೆ ನಿಮ್ಮ ಡಿಸ್ಕ್ ಮೇಲೆ ‘ರಾಳದ ಪ್ಯಾಡ್ ಮಾತ್ರ’ ಎಂದು ಕೆತ್ತಿದ್ದರೆ ಹಾಕಬಾರದು.

ಹೊಸ ಪ್ಯಾಡ್ ಹಾಕಿದವರು ಅದನ್ನು ಪಳಗಿಸದೆ ಗುಡ್ಡಕ್ಕೆ ಬರಬಾರದು. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಏರಿ, ಚಕ್ರ ಲಾಕ್ ಆಗದಂತೆ ಒತ್ತಿ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಒಂದೊಂದು ಬ್ರೇಕಿಗೂ 20 ಸಲ. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಹತ್ತಿದ ಮೇಲೆಯೇ ಪೂರ್ತಿ ಹಿಡಿತ ಬರುವುದು. ಇನ್ನೊಂದು ಎಚ್ಚರಿಕೆ: ಚೈನಿಗೆ ಎಣ್ಣೆ ಹಾಕುವಾಗ ಸ್ಪ್ರೇ ಡಬ್ಬಿ ಬಳಸಬೇಡಿ. ಒಂದೇ ಒಂದು ಹನಿ ಡಿಸ್ಕಿಗೆ ಸಿಡಿದರೂ ಬ್ರೇಕ್ ಕಿರುಚಲು ಶುರುಮಾಡುತ್ತದೆ, ಹಿಡಿಯುವುದಿಲ್ಲ. ಎಣ್ಣೆ ಕುಡಿದ ಪ್ಯಾಡನ್ನು ಬಿಸಾಡಬೇಕೇ ಹೊರತು ತೊಳೆದು ಸರಿಮಾಡಲಾಗದು.

ಸಸ್ಪೆನ್ಷನ್ ಸ್ಯಾಗ್. ನೀವು ಕೂತಾಗ ನಿಮ್ಮ ಭಾರಕ್ಕೇ ಅದು ಎಷ್ಟು ಕುಗ್ಗುತ್ತದೆಯೋ ಅದಕ್ಕೆ ಸ್ಯಾಗ್ ಎನ್ನುತ್ತಾರೆ. ಫೋರ್ಕಿನ ಕೊಳವೆಯ ಮೇಲಿರುವ ರಬ್ಬರ್ ಉಂಗುರವನ್ನು ಕೆಳಕ್ಕೆ ತಳ್ಳಿ, ಮೆಲ್ಲಗೆ ಹತ್ತಿ, ಪೆಡಲ್ ಮೇಲೆ ನಿಂತು, ಮೆಲ್ಲಗೆ ಇಳಿಯಿರಿ. ಉಂಗುರ 120 ಮಿ.ಮೀ. ಫೋರ್ಕಿನಲ್ಲಿ 18ರಿಂದ 24 ಮಿ.ಮೀ. ಸರಿದಿರಬೇಕು, ಅಂದರೆ ಶೇ. 15-20. ಹಿಂದಿನ ಸಸ್ಪೆನ್ಷನ್, ಅಂದರೆ ಶಾಕ್‌ಗೆ ಶೇ. 25-30. ಹೆಚ್ಚು ಸರಿದರೆ ಶಾಕ್ ಪಂಪಿನಿಂದ ಗಾಳಿ ತುಂಬಿ. ಮಾಮೂಲಿ ಪಂಪು ಇದಕ್ಕೆ ಆಗದು.

ಗೇರು. ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 50-51 ಹಲ್ಲು ಇದ್ದರೆ ಇಲ್ಲಿನ ಬಹುತೇಕ ಏರುಗಳನ್ನು ಕೂತುಕೊಂಡೇ ಹತ್ತಬಹುದು. ಹಿಂದೆ 42ಕ್ಕೇ ನಿಲ್ಲುವುದಾದರೆ ಮುಂದಿನದನ್ನು 28 ಅಥವಾ 30ಕ್ಕೆ ಬದಲಿಸಿ. ಮಂಡಿ ಉಳಿಯುತ್ತದೆ.

ಹಂತ 5: ಬ್ಯಾಗಿಗೆ ಏನೇನು

ನೀರು 2 ಲೀಟರ್. ದಿಣ್ಣೆಗಳ ಮೇಲೆ ಅಂಗಡಿಯಿಲ್ಲ, ಮರಳುಗಲ್ಲು ನೀರನ್ನು ಕೆಳಕ್ಕೆ ಬಿಟ್ಟುಬಿಡುವುದರಿಂದ ಮೇಲೆ ಒರತೆಗಳೂ ಕಮ್ಮಿ. ಸರಿಹೋಗುವ ಅಳತೆಯ ಒಂದು ಟ್ಯೂಬು (ಟ್ಯೂಬ್‌ಲೆಸ್ ಇದ್ದರೂ), ಎರಡು ಟೈರ್ ಲಿವರ್, ಕೈಪಂಪು, ಟ್ಯೂಬ್‌ಲೆಸ್ ತೂತಿಗೆ ತುರುಕುವ ರಬ್ಬರ್ ಬತ್ತಿ, ಚೈನ್ ಕತ್ತರಿಸುವ ಉಪಕರಣವೂ ಇರುವ ಮಲ್ಟಿಟೂಲ್, ನಿಮ್ಮ ಚೈನಿಗೆ ಹೊಂದುವ ಎರಡು ಕ್ವಿಕ್ ಲಿಂಕ್, ಅಂದರೆ ತುಂಡಾದ ಚೈನನ್ನು ಮತ್ತೆ ಜೋಡಿಸುವ ಕೊಂಡಿ.

ಬಹುತೇಕರು ಮರೆಯುವ ವಸ್ತುವೊಂದಿದೆ, ಡಿರೇಲರ್ ಹ್ಯಾಂಗರ್. ಹಿಂದಿನ ಗೇರ್ ಯಂತ್ರವನ್ನು ಫ್ರೇಮಿಗೆ ಹಿಡಿದಿಡುವ, ಬೆರಳುದ್ದದ ಅಲ್ಯೂಮಿನಿಯಂ ತುಂಡು. ಬಿದ್ದಾಗ ಫ್ರೇಮ್ ಉಳಿಯಲೆಂದು ಬೇಕೆಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ, ಹಾಗಾಗಿ ಮೊದಲು ಬಾಗುವುದೂ ಮುರಿಯುವುದೂ ಅದೇ. ಒಂದೊಂದು ಸೈಕಲ್ ಮಾದರಿಗೂ ಬೇರೆ ಬೇರೆ ಆಕಾರ. ಸಿಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಮಾದರಿಯದ್ದೇ ಒಂದನ್ನು ತರಿಸಿ ಬ್ಯಾಗಿನ ತಳದಲ್ಲಿ ಹಾಕಿಟ್ಟುಬಿಡಿ.

ಇದಲ್ಲದೆ ಬೆರಳು ಮುಚ್ಚುವ ಕೈಗವಸು, ತೆಳು ಮಳೆ ಜಾಕೆಟ್, ಗಾಯದ ಪಟ್ಟಿ, ಉಣ್ಣೆ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು) ತೆಗೆಯುವ ಕಾರ್ಡು, ನಕ್ಷೆ ಡೌನ್‌ಲೋಡ್ ಮಾಡಿಟ್ಟ ಫೋನು. ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. 20-30 ಯೂರೊ ಚಿಲ್ಲರೆಯಾಗಿ ಇರಲಿ, ಗುಡ್ಡದ ಮೇಲಿನ ಎಷ್ಟೋ ಊಟದ ಮನೆಗಳಲ್ಲಿ ಬ್ಯಾಂಕ್ ಕಾರ್ಡು ನಡೆಯದು.

ಮನೆಯಲ್ಲೇ ನೋಡಿಟ್ಟುಕೊಳ್ಳಬೇಕಾದ ಕಾಗದವೊಂದು: ‘ಹಾಫ್ಟ್‌ಫ್ಲಿಷ್ಟ್’, ಅಂದರೆ ನಿಮ್ಮಿಂದ ಇನ್ನೊಬ್ಬರಿಗಾದ ಹಾನಿ ಭರಿಸುವ ವಿಮೆ. ನಡೆದು ಬರುತ್ತಿದ್ದವರಿಗೆ ನಿಮ್ಮ ಸೈಕಲ್ ಗುದ್ದಿ ಕೈಕಾಲು ಮುರಿದರೆ ಅದರ ಖರ್ಚು ಜೀವಮಾನದ ಉಳಿತಾಯವನ್ನೇ ನುಂಗಬಹುದು. ಜರ್ಮನಿಗೆ ಹೊಸದಾಗಿ ಬಂದವರು ಈ ವಿಮೆ ಮಾಡಿಸಿಕೊಳ್ಳದೆ ಕಾಡಿಗೆ ಇಳಿಯಲೇಬೇಡಿ.

ಹಂತ 6: ತಲುಪುವುದು

ಕಾರಿಗಿಂತ ರೈಲು ಸುಲಭ. ಹೈಡೆಲ್‌ಬರ್ಗ್, ಮಾನ್‌ಹೈಮ್ ಕಡೆಯಿಂದ ಕೈಸರ್ಸ್‌ಲೌಟರ್ನ್‌ಗೆ ಹೋಗುವ ಎಸ್-ಬಾನ್ ರೈಲು ನಾಯ್‌ಶ್ಟಾಟ್ ದಾಟಿದ ಮೇಲೆ ಕಾಡಿನ ಕಣಿವೆಯೊಳಗೇ ನುಗ್ಗುತ್ತದೆ. ಲಾಂಬ್ರೆಖ್ಟ್, ನೈಡೆನ್‌ಫೆಲ್ಸ್, ವೈಡೆನ್‌ಟಾಲ್, ಫ್ರಾಂಕೆನ್‌ಸ್ಟೈನ್, ಹೋಖ್‌ಶ್ಪೈಯರ್: ಎಲ್ಲಿ ಇಳಿದರೂ ಪ್ಲಾಟ್‌ಫಾರ್ಮಿನಿಂದ ಮರಗಳು ಕಾಣುತ್ತವೆ. ಮೊದಲ ಸಲಕ್ಕೆ ಲಾಂಬ್ರೆಖ್ಟ್ ಒಳ್ಳೆಯದು. ಸುಸ್ತಾದರೆ ಸ್ಪೈಯರ್‌ಬಾಖ್ ತೊರೆಯ ಕಣಿವೆ ಹಿಡಿದು ನಾಯ್‌ಶ್ಟಾಟ್‌ವರೆಗೆ ಇಳಿಜಾರಿನಲ್ಲೇ ವಾಪಸು ಬರಬಹುದು.

ಡಾಯ್ಚ್‌ಲ್ಯಾಂಡ್ ಟಿಕೆಟ್ (ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸುಗಳಿಗೆ ಸಲ್ಲುವ ತಿಂಗಳ ಪಾಸು) ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಈ ಭಾಗದ ಸಾರಿಗೆ ಒಕ್ಕೂಟದ ರೈಲುಗಳಲ್ಲಿ ಬೆಳಗಿನ ದಟ್ಟಣೆಯ ಹೊತ್ತು ಬಿಟ್ಟರೆ ಸೈಕಲ್ ಉಚಿತ. ಫ್ರಾಂಕ್‌ಫರ್ಟ್ ಕಡೆಯಿಂದ ಬರುವವರು ತಮ್ಮ ಒಕ್ಕೂಟದ ನಿಯಮ ನೋಡಿಕೊಳ್ಳಿ. ಜಾಗ ಸಿಗುತ್ತದೆಂಬ ಖಾತರಿಯಿಲ್ಲ. ಸೆಪ್ಟೆಂಬರ್‌ನಲ್ಲಿ ಬಾಡ್ ಡ್ಯುರ್ಕ್‌ಹೈಮ್‌ನ ವುರ್ಸ್ಟ್‌ಮಾರ್ಕ್ಟ್ ಎಂಬ ದೊಡ್ಡ ವೈನ್ ಜಾತ್ರೆ ನಡೆಯುವ ವಾರಾಂತ್ಯಗಳಲ್ಲಿ ಸೈಕಲ್ ಹಿಡಿದು ರೈಲು ಹತ್ತುವ ಸಾಹಸ ಬೇಡ.

ಹಂತ 7: ಹತ್ತುವುದು

ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಕಟ್ಟಾಗುವುದು ಇದೇ ಗಳಿಗೆಯಲ್ಲಿ. ನಿಮಿಷಕ್ಕೆ 70-80 ಸುತ್ತು ತುಳಿಯುವ ಗೇರು ಹಿಡಿದು, ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿಸಿಕೊಂಡು ಹತ್ತಿ. ಕಡಿದಾದ ಕಡೆ ಸೀಟಿನ ಮೂತಿಗೆ ಸರಿದು, ಎದೆಯನ್ನು ಹ್ಯಾಂಡಲ್‌ನತ್ತ ಬಾಗಿಸಿ. ಎದ್ದು ನಿಂತು ತುಳಿದರೆ ಹಿಂಚಕ್ರದ ಮೇಲಿನ ಭಾರ ತಪ್ಪಿ ಮರಳಿನಲ್ಲಿ ಅದು ಬರಿದೇ ಸುತ್ತುತ್ತದೆ. ನಿಂತುಹೋದರೆ ಇಳಿದು ತಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಎಲೆಕ್ಟ್ರಿಕ್ ಸೈಕಲ್ಲಿನವರು 500 ವಾಟ್-ಅವರ್ ಬ್ಯಾಟರಿಗೆ ಸುಮಾರು 1,000 ಮೀಟರ್ ಏರು ಎಂದು ಲೆಕ್ಕವಿಟ್ಟುಕೊಳ್ಳಿ. ಅತಿ ಹೆಚ್ಚು ನೆರವಿನ ಟರ್ಬೊದಲ್ಲೇ ಹೋದರೆ ಅಷ್ಟೂ ಬಾರದು.

ಹಂತ 8: ಇಳಿಯುವುದು

ಜನ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಇಲ್ಲಿ. ದಿನದ ಕೊನೆಯ ಇಳಿಜಾರಿನಲ್ಲಂತೂ ಇನ್ನೂ ಹೆಚ್ಚು, ಏಕೆಂದರೆ ಆ ಹೊತ್ತಿಗೆ ಕೈ ಸೋತಿರುತ್ತದೆ.

1. ಸೀಟು ಇಳಿಸಿ. ಗುಂಡಿ ಒತ್ತಿ ಇಳಿಸುವ ಡ್ರಾಪರ್ ಇದ್ದರೆ ಸರಿ, ಇಲ್ಲದಿದ್ದರೆ ನಿಂತು ಕೈಯಿಂದಲೇ 8-10 ಸೆಂ.ಮೀ. ಇಳಿಸಿ.

2. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು ಎದ್ದು ನಿಲ್ಲಿ. ಒಂದು ಪೆಡಲ್ ಕೆಳಗಿದ್ದರೆ ಬೇರಿಗೋ ಕಲ್ಲಿಗೋ ಬಡಿದು ಎತ್ತಿ ಎಸೆಯುತ್ತದೆ. ಮಂಡಿ, ಮೊಣಕೈ ಸಡಿಲವಿರಲಿ.

3. ಕಣ್ಣು ಮುಂಚಕ್ರದ ಮೇಲಲ್ಲ, 5ರಿಂದ 10 ಮೀಟರ್ ಮುಂದೆ. ಕಲ್ಲನ್ನೇ ದಿಟ್ಟಿಸಿದರೆ ಸೈಕಲ್ ಹೋಗುವುದು ಕಲ್ಲಿಗೇ.

4. ಒಂದೊಂದು ಬ್ರೇಕ್ ಲಿವರಿಗೆ ಒಂದೇ ಬೆರಳು, ಉಳಿದ ಬೆರಳುಗಳು ಹ್ಯಾಂಡಲ್ ಹಿಡಿದಿರಲಿ. ವೇಗ ತಗ್ಗಿಸುವ ಕೆಲಸ ಬಹುಪಾಲು ಮುಂದಿನ ಬ್ರೇಕಿನದು. ಹೆದರಿ ಅದನ್ನು ಬಿಟ್ಟು ಹಿಂದಿನದನ್ನೇ ಒತ್ತಿದರೆ ಹಿಂಚಕ್ರ ಲಾಕ್ ಆಗಿ ಎಳೆದುಕೊಂಡು ಹೋಗುತ್ತದೆ, ಸೈಕಲ್ ನಿಲ್ಲುವುದಿಲ್ಲ, ದಾರಿಯಲ್ಲಿ ಗೀರು ಬಿದ್ದು ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಮುಂದಿನದನ್ನು ಒಮ್ಮೆಲೇ ಹಿಚುಕದೆ, ನಿಂಬೆಹಣ್ಣು ಹಿಂಡಿದಂತೆ ಮೆಲ್ಲಮೆಲ್ಲನೆ ಒತ್ತಿ.

5. ಬ್ರೇಕ್ ಹಾಕುವುದು ತಿರುವಿಗೆ ಮೊದಲು, ನೇರ ದಾರಿಯಲ್ಲಿ. ತಿರುವಿನೊಳಗೆ, ಸಡಿಲ ಮರಳಿನ ಮೇಲೆ ಮುಂಬ್ರೇಕ್ ಒತ್ತಿದಿರೋ, ನೆಲಕ್ಕೆ ಒರಗಿದಂತೆಯೇ.

6. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಸವರುತ್ತಲೇ ಇರಬೇಡಿ. ಬಿಡಿ, ವೇಗ ಬಂದಾಗ ಗಟ್ಟಿಯಾಗಿ ಹಿಡಿಯಿರಿ, ಮತ್ತೆ ಬಿಡಿ. ಸತತ ಉಜ್ಜಿದರೆ ಶಾಖ ಏರಿ ಪ್ಯಾಡಿನ ಮೈ ಗಾಜಿನಂತೆ ನುಣುಪಾಗುತ್ತದೆ, ಇನ್ನೂ ಹೆಚ್ಚಾದರೆ ಒಳಗಿನ ದ್ರವ ಕುದಿದು ಲಿವರ್ ಹ್ಯಾಂಡಲಿನವರೆಗೂ ಬಂದುಬಿಡುತ್ತದೆ. ಲಿವರ್ ಮೆತ್ತಗಾಗುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ ಹತ್ತು ನಿಮಿಷ ಆರಲು ಬಿಡಿ. ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

7. ಬೇರು ಹಾಗೂ ಮಳೆನೀರು ಹರಿಯಲು ದಾರಿಗೆ ಅಡ್ಡಲಾಗಿ ಇಟ್ಟಿರುವ ಮರದ, ಕಲ್ಲಿನ ಕಾಲುವೆಗಳನ್ನು ನೇರವಾಗಿ, ಅಡ್ಡಗೆರೆ ಕತ್ತರಿಸಿದಂತೆ ದಾಟಿ. ಓರೆಯಾಗಿ ಹೋದರೆ ಮುಂಚಕ್ರ ಅದರ ಉದ್ದಕ್ಕೇ ಜಾರುತ್ತದೆ.

ಅಕ್ಟೋಬರ್‌ನಲ್ಲಿ ಚೆಸ್ಟ್‌ನಟ್ ಪಟ್ಟಿಗೆ ಇಳಿಯುವಾಗ ಬಹಳ ಹುಷಾರು. ಒದ್ದೆ ಎಲೆಗಳಡಿ ಗೋಲಿಗಳಂಥ ಕಾಯಿಗಳು ಸಾವಿರಗಟ್ಟಲೆ ಬಿದ್ದಿರುತ್ತವೆ. ಚಕ್ರ ಅವುಗಳ ಮೇಲೆ ಉರುಳುತ್ತದೆಯೇ ಹೊರತು ನೆಲ ಹಿಡಿಯುವುದಿಲ್ಲ. ಮುಳ್ಳುಚಿಪ್ಪು ಬೇರೆ, ಬಿದ್ದು ಅಂಗೈ ಊರಿದರೆ ಕೈಗವಸಿನ ಬೆಲೆ ತಿಳಿಯುತ್ತದೆ.

ಹಂತ 9: ದಾರಿಯಲ್ಲಿ ಸಿಗುವವರು, ಊಟ, ತೋಟ

ನಡೆಯುವವರಿಗೆ ಯಾವಾಗಲೂ ಮೊದಲ ಹಕ್ಕು. 20-30 ಮೀಟರ್ ಇರುವಾಗಲೇ ಗಂಟೆ ಬಾರಿಸಿ ಅಥವಾ ‘ಹಲೊ’ ಅನ್ನಿ. ನಡಿಗೆಯ ವೇಗಕ್ಕೆ ಇಳಿದು ದಾಟಿ, ‘ಡಾಂಕೆ’ ಹೇಳಿ. ಹಿಂದೆ ಎಷ್ಟು ಜನ ಬರುತ್ತಿದ್ದಾರೆಂದು ಬೆರಳಿನಲ್ಲಿ ತೋರಿಸಿದರೆ ಅವರು ಕಾದು ನಿಲ್ಲುತ್ತಾರೆ. ಸೈಕಲ್ ಸವಾರರಿಗೂ ಚಾರಣಿಗರಿಗೂ ಈ ಕಾಡಿನಲ್ಲಿ ಜಟಾಪಟಿ ಹಳೆಯದು. ಯಾರೋ ಒಬ್ಬರು ರಭಸದಿಂದ ನುಗ್ಗಿ ಹೋದದ್ದಕ್ಕೆ ಉಳಿದವರೆಲ್ಲರ ದಾರಿ ಮುಚ್ಚಿಹೋಗಬಹುದು. ಇದನ್ನು ಮನಸ್ಸಿಗೆ ತೆಗೆದುಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಕಾಡಿನ ನಡುವೆ ಚಾರಣ ಸಂಘದ ಶಾಖೆಗಳು ನಡೆಸುವ ‘ಹ್ಯುಟ್ಟೆ’ಗಳಿವೆ, ಉದ್ದ ಬೆಂಚು ಹಾಕಿದ ಊಟದ ಮನೆಗಳು. ಸರದಿಯಲ್ಲಿ ನಿಂತು ಕೇಳಿ ಪಡೆದು, ಸಿಕ್ಕ ಬೆಂಚಿನಲ್ಲಿ ಅಪರಿಚಿತರ ಪಕ್ಕ ಕೂರುವುದು ರೂಢಿ. ಎಷ್ಟೋ ಮನೆಗಳು ಬುಧವಾರ ಮತ್ತು ವಾರಾಂತ್ಯ ಮಾತ್ರ ತೆರೆಯುತ್ತವೆ, ನೋಡಿಕೊಂಡು ಹೋಗಿ. ಸಸ್ಯಾಹಾರಿಗಳಿಗೆ ‘ವೈಸರ್ ಕೇಸ್’ ಸಿಗುತ್ತದೆ. ಗಟ್ಟಿ ಮೊಸರಿನಂಥ ತಾಜಾ ಚೀಸಿಗೆ ಸೊಪ್ಪು, ಈರುಳ್ಳಿ ಕಲಸಿ ಬ್ರೆಡ್ಡಿನ ಜೊತೆ ಕೊಡುತ್ತಾರೆ. ‘ಡಾಂಪ್‌ನೂಡೆಲ್’ ಕೂಡ ಆಗುತ್ತದೆ, ಅಡಿಯಲ್ಲಿ ಉಪ್ಪುಪ್ಪಾಗಿ ಗರಿಗರಿ ಹತ್ತಿಸಿದ ಹಬೆಯ ಬನ್ನು. ಆದರೆ ಅದರ ಸಾಸು ಕೆಲವೆಡೆ ವೈನಿನದು, ಬೇಡದವರು ವೆನಿಲ್ಲಾ ಕೇಳಿ. ಆಲೂಗಡ್ಡೆ ಸೂಪು, ಶರತ್ಕಾಲದ ಈರುಳ್ಳಿ ಕೇಕು ಎರಡೂ ಸಸ್ಯಾಹಾರದಂತೆ ಕಂಡರೂ ಹಂದಿಮಾಂಸದ ಚೂರು ಇರುವುದು ಸಾಮಾನ್ಯ. ‘ಓನೆ ಫ್ಲೈಶ್? ಓನೆ ಶ್ಪೆಕ್?’ ಎಂದು ಕೇಳಿಯೇ ತೆಗೆದುಕೊಳ್ಳಿ.

ವೈನ್ ವಿಷಯ. ಇಲ್ಲಿ ‘ಶೋರ್ಲೆ’ ಎಂದರೆ ವೈನಿಗೆ ಸೋಡಾ ಬೆರೆಸಿದ್ದು. ಕೈ ಜಾರದಿರಲೆಂದು ಮೈತುಂಬ ಕುಳಿ ಒತ್ತಿದ ಅರ್ಧ ಲೀಟರ್ ಗಾಜಿನ ಲೋಟದಲ್ಲಿ ಬರುತ್ತದೆ. ನಿಂಬೆ ಸೋಡಾದಂತೆ ಸರಾಗ ಇಳಿಯುತ್ತದೆ, ಆದರೆ ಫಾಲ್ಟ್ಸ್ ಸೀಮೆಯವರು ಬೆರೆಸುವಾಗ ವೈನೇ ಹೆಚ್ಚು. ಸೈಕಲ್ ಸವಾರರಿಗೂ ಕುಡಿತದ ಕಾನೂನುಂಟು: ರಕ್ತದಲ್ಲಿ 1.6 ಪ್ರೊಮಿಲ್ (ಸಾವಿರಕ್ಕೆ 1.6 ಪಾಲು ಆಲ್ಕೊಹಾಲ್) ಇದ್ದರೆ ನೇರ ಅಪರಾಧ. ತಪ್ಪಾಗಿ ಓಡಿಸಿದರೆ ಇಲ್ಲವೇ ಅಪಘಾತವಾದರೆ 0.3ಕ್ಕೇ ಪ್ರಕರಣ ದಾಖಲಾಗಬಹುದು. ಇಳಿಜಾರು ಇನ್ನೂ ಬಾಕಿಯಿದ್ದರೆ ‘ಟ್ರೌಬೆನ್‌ಸಾಫ್ಟ್‌ಶೋರ್ಲೆ’ ಕೇಳಿ, ದ್ರಾಕ್ಷಿರಸಕ್ಕೆ ಸೋಡಾ. ವೈನನ್ನು ಕೆಳಗೆ ಊರಿಗೆ ಬಂದು, ಸೈಕಲ್ ರೈಲಿಗೆ ಹತ್ತಿಸುವ ಮೊದಲು ಕುಡಿಯಬಹುದು.

ಸೆಪ್ಟೆಂಬರ್-ಅಕ್ಟೋಬರ್ ದ್ರಾಕ್ಷಿ ಕೊಯ್ಲಿನ ಕಾಲ. ತೋಟಗಳ ನಡುವಿನ ಕಿರಿದಾದ ಕಾಂಕ್ರೀಟ್ ದಾರಿಗಳಲ್ಲಿ ಟ್ರ್ಯಾಕ್ಟರ್ ಮತ್ತು ಸಾಲಿನ ಮೇಲೇ ಹಾದು ಹೋಗುವ ಎತ್ತರದ ಕೊಯ್ಲುಯಂತ್ರಗಳು ಏಕಾಏಕಿ ಹೊರಬರುತ್ತವೆ. ನಿಂತು ದಾರಿ ಬಿಡಿ. ಗೊಂಚಲಿಗೆ ಕೈ ಹಾಕಬೇಡಿ.

ಹಂತ 10: ಎಡವಟ್ಟಾದರೆ

ಕಾಡಿನ ಕೂಡುದಾರಿಗಳಲ್ಲಿ ‘ರೆಟುಂಗ್ಸ್‌ಪುಂಕ್ಟ್’ ಎಂಬ ಫಲಕಗಳಿವೆ, ರಕ್ಷಣಾ ಬಿಂದು ಎಂದರ್ಥ. ಅದರ ಮೇಲೆ ಒಂದು ಸಂಖ್ಯೆ ಇರುತ್ತದೆ. ಪ್ರತಿ ಫಲಕ ದಾಟಿದಾಗಲೂ ಫೋಟೊ ತೆಗೆದಿಟ್ಟುಕೊಳ್ಳಿ. ಅಪಘಾತವಾದರೆ 112ಕ್ಕೆ ಕರೆ ಮಾಡಿ ಆ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಅಲ್ಲಿಗೇ ಬರುತ್ತದೆ. ‘ದೊಡ್ಡ ಬೀಚ್ ಮರದ ಹತ್ತಿರ’ ಎಂದರೆ ಯಾರಿಗೂ ತಿಳಿಯದು.

ಕೆಂಪು-ಬಿಳಿ ಪಟ್ಟಿ ಕಟ್ಟಿ ‘ಹೋಲ್ಟ್ಸ್‌ಐನ್‌ಶ್ಲಾಗ್’ ಎಂದು ಬರೆದಿದ್ದರೆ ಮರ ಕಡಿಯುತ್ತಿದ್ದಾರೆ. ‘ಲೇಬೆನ್ಸ್‌ಗೆಫಾರ್’ ಎಂದರೆ ಜೀವಕ್ಕೆ ಅಪಾಯ. ಶರತ್ಕಾಲದಲ್ಲಿ ‘ಟ್ರೈಬ್‌ಯಾಗ್ಟ್’, ‘ಡ್ರ್ಯುಕ್‌ಯಾಗ್ಟ್’ ಫಲಕ ಕಂಡರೆ ಬೇಟೆ ನಡೆಯುತ್ತಿದೆ. ಯಾರೂ ಕಾಣದಿದ್ದರೂ ಪಟ್ಟಿ ದಾಟಬೇಡಿ, ಸುತ್ತಿ ಹೋಗಿ. ಬಿರುಗಾಳಿ ಬೀಸಿದ ಮರುದಿನವೂ ಕಾಡಿಗೆ ಬೇಡ, ಅರೆಮುರಿದ ಕೊಂಬೆಗಳು ಮೇಲೆ ನೇತಾಡುತ್ತಿರುತ್ತವೆ.

ಹ್ಯಾಂಗರ್ ಬಾಗಿ ಗೇರ್ ಯಂತ್ರ ಚಕ್ರದ ಕಡ್ಡಿಗಳಿಗೆ ತಾಗುವಂತಿದ್ದರೆ ತುಳಿಯಬೇಡಿ. ಕಡ್ಡಿಗಳಿಗೆ ಸಿಕ್ಕಿದರೆ ಯಂತ್ರ, ಚೈನು, ಚಕ್ರ ಮೂರೂ ಹೋದಂತೆ. ಬದಲಿ ಹ್ಯಾಂಗರ್ ಹಾಕಿ, ಇಲ್ಲವೇ ಚೈನ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಉರುಳಿಸುತ್ತ, ಸಮತಟ್ಟಿನಲ್ಲಿ ತಳ್ಳುತ್ತ ನಿಲ್ದಾಣ ಸೇರಿ.

ಮನೆಗೆ ಬಂದ ಮೇಲೆ

ಸೈಕಲ್‌ಗಿಂತ ಮೊದಲು ನಿಮ್ಮನ್ನೇ ನೋಡಿಕೊಳ್ಳಿ. ಇಲ್ಲಿನ ಹುಲ್ಲು-ಪೊದೆಗಳಲ್ಲಿ ಉಣ್ಣೆಗಳು ಜಾಸ್ತಿ. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ತಡಕಿ ನೋಡಿ; ಕಚ್ಚಿಕೊಂಡಿದ್ದರೆ ಕಾರ್ಡಿನಿಂದ ಚರ್ಮಕ್ಕೆ ಒತ್ತಿ ನಿಧಾನವಾಗಿ ಎಳೆದು ತೆಗೆಯಿರಿ. ಎಣ್ಣೆ, ಸೀಮೆಎಣ್ಣೆ ಹಚ್ಚುವ ನಮ್ಮೂರ ಉಪಾಯ ಇಲ್ಲಿ ಬೇಡ, ಉಣ್ಣೆ ಸಾಯುವಾಗ ಗಾಯದೊಳಕ್ಕೆ ಕಕ್ಕಿ ಸೋಂಕು ಹೆಚ್ಚಿಸಬಹುದು. ಕಚ್ಚಿದ ದಿನಾಂಕ ಬರೆದಿಡಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ ಲೈಮ್ ರೋಗದ ಗುರುತು. ವೈದ್ಯರ ಬಳಿ ಹೋದರೆ ಆ್ಯಂಟಿಬಯೊಟಿಕ್‌ನಿಂದ ವಾಸಿಯಾಗುತ್ತದೆ. ಉಣ್ಣೆಯಿಂದ ಬರುವ ಮಿದುಳುಜ್ವರಕ್ಕೆ ಮಾತ್ರ ಲಸಿಕೆಯಿದೆ. ಬಾಡೆನ್-ವ್ಯೂರ್ಟೆಂಬರ್ಗ್ ಬಹುಪಾಲು ಅದರ ಅಪಾಯವಲಯವಾದ್ದರಿಂದ ಆ ಕಡೆ ವಾಸ ಇರುವವರು ಹಾಕಿಸಿಕೊಳ್ಳುವುದು ಲೇಸು.

ಆಮೇಲೆ ಸೈಕಲ್. ಮರಳನ್ನು ಒಣಗಿದಾಗಲೇ ಬ್ರಷ್ಷಿನಿಂದ ಉದುರಿಸಿ, ಬಕೆಟ್ ನೀರು ಮತ್ತು ಸ್ಪಂಜಿನಿಂದ ಒರೆಸಿ. ಹೈ ಪ್ರೆಶರ್ ನೀರು ಹೊಡೆದರೆ ಬೇರಿಂಗುಗಳ ಗ್ರೀಸು ತೊಳೆದು ಹೋಗಿ ಒಳಗೆ ಮರಳು ಸೇರುತ್ತದೆ. ಫೋರ್ಕಿನ ಕೊಳವೆಗಳ ಬುಡದಲ್ಲಿರುವ ರಬ್ಬರ್ ಸೀಲಿನ ಅಂಚನ್ನು ಹಳೆ ಬನಿಯನ್ ಚೂರಿನಿಂದ ಸುತ್ತಲೂ ಒರೆಸಿ, ಅಲ್ಲಿ ಉಳಿದ ಮರಳಿನ ಕಣವೇ ಕೊಳವೆಯ ಮೇಲೆ ಗೀರು ಹಾಕುವುದು. ಚೈನನ್ನು ಬಟ್ಟೆಯಲ್ಲಿ ಹಿಡಿದು ಹಿಂದಕ್ಕೆ ತಿರುಗಿಸುತ್ತ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದೇ ಹನಿ ಎಣ್ಣೆ ಬಿಡಿ, ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹೊರಗೆ ಎಣ್ಣೆ ಉಳಿದರೆ ಮುಂದಿನ ಸಲ ಅಷ್ಟೂ ಮರಳು ಅಲ್ಲಿಗೇ ಅಂಟುತ್ತದೆ.